ಕಳಿಸಿದೆ, ಕಳಿಸಿಬಿಟ್ಟೆ, ಹೋದ: ಪ್ರಿಯನನ್ನು ಹೊರಗಟ್ಟಿದವಳ ಅಧ್ಯಾಯ ಬರೆಯುವ ಬಗೆ

ನಾಯಕಿ ತಾನು ಪ್ರೀತಿಸುವವನನ್ನು ಬಾಗಿಲಾಚೆ ಕಳಿಸಿದ್ದಾಯಿತು. ಆ ದೃಶ್ಯ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಸಿಟ್ಟಿಗೆ ತನ್ನದೇ ಓಟವಿದೆ, ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಪೆನ್ನು ತಡವರಿಸುವುದು ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಂದಾಗ. 'ಮಾಡಿದ್ದು ಸರಿಯೇ?' ಎಂಬ ಒಂದೇ ಅನುಮಾನದ ಮೇಲೆ ಮೂರು ಸಾವಿರ ಪದಗಳ ಅಧ್ಯಾಯ ನಿಲ್ಲಬೇಕು, ಓದುವವರು ಪುಟ ಹಾರಿಸಬಾರದು. ಅದನ್ನು ಕಟ್ಟುವ ಕ್ರಮ ಇಲ್ಲಿದೆ. ಉದಾಹರಣೆಗೆಂದು ಮುಂಬಯಿಯ ಕತೆಯೊಂದನ್ನು ಹೊಲಿದುಕೊಂಡಿದ್ದೇವೆ, ನಿಮ್ಮ ಅಳತೆಗೆ ಬಿಚ್ಚಿ ಹೊಲಿದುಕೊಳ್ಳಿ.

ಸುನಂದಾ, ವಯಸ್ಸು 36. ಗೋರೆಗಾಂವ್ ಪೂರ್ವದ ಚಾಳಿನಲ್ಲಿ ಅಪ್ಪ ಬಿಟ್ಟುಹೋದ ಖೋಲಿ, ಅಂದರೆ ಒಂದು ಕೋಣೆಯ ಮನೆ; ದಕ್ಷಿಣ ಮುಂಬಯಿಯ ಫೋರ್ಟಿನಲ್ಲಿ ಲೆಕ್ಕಪತ್ರದ ಕೆಲಸ. ಜಯರಾಮ, ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾ ಮೇಲೆ ಕೂರುವವನು. ಮನೆಯವರು ಕುಂದಾಪುರ ಕಡೆಯವರು. ಇಬ್ಬರಿಗೂ ಮದುವೆಯಾಗಿಲ್ಲ, ಆಗುವ ಮಾತಿತ್ತು.

ಮೊದಲು ಹಳೆಯ ಲಕ್ಷಣ ನೋಡಿ

ನಮ್ಮ ಅಲಂಕಾರಶಾಸ್ತ್ರ ಈ ಹೆಣ್ಣಿಗೆ ಹೆಸರಿಟ್ಟೇ ಇದೆ: ಕಲಹಾಂತರಿತೆ, ಅಷ್ಟನಾಯಿಕೆಯರಲ್ಲಿ, ಅಂದರೆ ಎಂಟು ಬಗೆಯ ನಾಯಕಿಯರಲ್ಲಿ, ಒಬ್ಬಳು. ಭರತನಾಟ್ಯ ಕಲಿತವರಿಗೆ ಪರಿಚಯದ ಪದ. ಆದರೆ ಲಕ್ಷಣ ಎಲ್ಲ ಕಡೆ ಒಂದೇ ಅಲ್ಲ, ಕತೆಗಾರನಿಗೆ ಬೇಕಾದ ಕೀಲಿ ಆ ವ್ಯತ್ಯಾಸದಲ್ಲೇ ಇದೆ. ನಾಟ್ಯಶಾಸ್ತ್ರದಲ್ಲಿ ಈರ್ಷ್ಯೆಯ ಜಗಳವಾಗಿ ಪ್ರಿಯ ಹೊರಟುಹೋಗುತ್ತಾನೆ, ಮರಳುವುದಿಲ್ಲ. ಅವಳು ಅಮರ್ಷದಲ್ಲಿ, ಸಹಿಸಲಾರದ ಸಿಟ್ಟಿನಲ್ಲಿ, ಕೂತಿರುತ್ತಾಳೆ. ಹತ್ತನೆಯ ಶತಮಾನದ ಧನಂಜಯನ ದಶರೂಪಕಕ್ಕೆ ಬರುವ ಹೊತ್ತಿಗೆ ಅವಳೇ ಅವನನ್ನು ತಳ್ಳಿರುತ್ತಾಳೆ, ಆಮೇಲೆ ಬೇಯುತ್ತಾಳೆ. ಒಂದರಲ್ಲಿ 'ಅವನು ಹೋದ', ಇನ್ನೊಂದರಲ್ಲಿ 'ನಾನು ಕಳಿಸಿದೆ'. ಒಂದೇ ಹೆಣ್ಣಿನ ತಲೆಯಲ್ಲಿ ಈ ಎರಡು ವಾಕ್ಯ ಜಗಳವಾಡತೊಡಗಿದರೆ ನಿಮ್ಮ ಅಧ್ಯಾಯ ಶುರುವಾಯಿತು.

ನಾಟ್ಯಶಾಸ್ತ್ರವೇ 33 ವ್ಯಭಿಚಾರಿ ಭಾವಗಳನ್ನು, ಅಂದರೆ ಬಂದು ಹೋಗುವ ಭಾವಗಳನ್ನು, ಪಟ್ಟಿಮಾಡುತ್ತದೆ. ಅದರಿಂದ ಆರನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ: ಅಮರ್ಷ, ಗರ್ವ, ಸ್ಮೃತಿ, ಶಂಕೆ, ವಿತರ್ಕ (ಹೀಗೋ ಹಾಗೋ ಎಂಬ ತೂಗಾಟ), ದೈನ್ಯ. ಬರೆಯುವ ಕ್ರಮವೂ ಸುಮಾರಾಗಿ ಇದೇ. ಹೊಸಬರು ಅಮರ್ಷದಿಂದ ನೆಗೆದು ನೇರ ದೈನ್ಯಕ್ಕೆ ಬೀಳುತ್ತಾರೆ, ನಡುವಿನ ನಾಲ್ಕು ಮೆಟ್ಟಿಲು ಕಾಣೆ. ಅಧ್ಯಾಯ ಗೋಳಾಟವಾಗುವುದು ಆ ಕಾರಣಕ್ಕೆ.

ಐದು ಕಾರಣ ಬರೆದಿಟ್ಟುಕೊಳ್ಳಿ, ಒಂದನ್ನು ಮುಟ್ಟಬೇಡಿ

ಅನುಮಾನ ಹುಟ್ಟಬೇಕಾದರೆ ಅನುಮಾನಿಸಲು ಏನಾದರೂ ಗಟ್ಟಿಯಾದದ್ದು ಬೇಕು. ಕಳಿಸಿದ ಕಾರಣಗಳನ್ನು ಲೆಕ್ಕದ ಪುಸ್ತಕದ ಹಾಗೆ ಸಾಲಾಗಿ ಬರೆಯಿರಿ. ನಮ್ಮ ಕತೆಯಲ್ಲಿ:

1. ಭಿಶಿಯಲ್ಲಿ, ಅಂದರೆ ನಮ್ಮ ಕಡೆಯ ಚೀಟಿಯಲ್ಲಿ, ಅವಳ ಸರದಿಗೆ ಬಂದ 40,000 ರೂಪಾಯಿಯನ್ನು ಕೇಳದೆ ತೆಗೆದು ಊರಿಗೆ ಅಣ್ಣನಿಗೆ ಕಳಿಸಿದ.
2. ಕೇಳಿದಾಗ 'ಬ್ಯಾಂಕಿಗೆ ಹಾಕಿದ್ದೇನೆ' ಎಂದು ಸುಳ್ಳು ಹೇಳಿದ.
3. ಎರಡು ಭಾನುವಾರ ಬರಲಿಲ್ಲ, ಡಬಲ್ ಡ್ಯೂಟಿ ಅಂದ.
4. ಅವಳ ತಂಗಿಯೊಡನೆ ಫೋನಿನಲ್ಲಿ ನಗುತ್ತಿದ್ದವನು ಇವಳು ಒಳಬಂದಾಗ ಸುಮ್ಮನಾದ.
5. 'ಈ ಖೋಲಿ ಮಾರಿದರೆ ಊರಲ್ಲಿ ಹೋಟೆಲ್ ಹಾಕಬಹುದು' ಅಂದ.

ಈಗ ಮೂರು ಗುರುತು ಹಾಕಿ. ಎರಡು ಕಾರಣ ಮೆತ್ತಗಿನವು, ಇನ್ನೊಂದು ರೀತಿಯಲ್ಲೂ ಓದಲು ಬರುವಂಥವು: ಇಲ್ಲಿ 3 ಮತ್ತು 4. ತೆಗೆದ ಹಣ ತೀರಿಸಲೆಂದೇ ಭಾನುವಾರದ ಡ್ಯೂಟಿ ಹಿಡಿದಿರಬಹುದು. ಎರಡು ಕಾರಣ ಅರೆಬೆಂದವು, ಹೇಳುವ ದನಿಯ ಮೇಲೆ ನಿಂತವು: 1 ಮತ್ತು 5. ಒಂದು ಮಾತ್ರ ಕಲ್ಲು: ಸುಳ್ಳು. ಕತೆ ಮುಗಿಯುವವರೆಗೆ ಅದು ಕರಗಬಾರದು. ಅವನು ನಿಜಕ್ಕೂ ಬ್ಯಾಂಕಿಗೇ ಹಾಕಿದ್ದ ಎಂದು ಕೊನೆಯಲ್ಲಿ ಪಾಸ್‌ಬುಕ್ ಹೊರತೆಗೆದಿರೋ, ಅಷ್ಟು ಹೊತ್ತಿನ ಅವಳ ಸಂಕಟವೆಲ್ಲ ಬರೀ ತಪ್ಪು ತಿಳಿವಳಿಕೆಯಾಗಿ ಇಳಿದುಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಓದುಗ ಅವಳನ್ನು ದಡ್ಡಿ ಎಂದು ಎಣಿಸುತ್ತಾನೆ. ಕಲ್ಲು ನಿಂತಿರಲಿ, ಅವಳು ಅದರ ಸುತ್ತ ತಿರುಗಲಿ.

ನಾಲ್ಕನೆಯದಕ್ಕೆ ವಿವರಣೆ ಕೊಡಲೇಬೇಡಿ. ಯಾಕೆ ನಕ್ಕರು, ಯಾಕೆ ನಿಲ್ಲಿಸಿದರು, ಕತೆಗಾರನಿಗೂ ಗೊತ್ತಿಲ್ಲದಿದ್ದರೆ ಒಳ್ಳೆಯದು.

ಕಳಿಸುವ ದೃಶ್ಯದಲ್ಲೇ ಬೀಜ

ಅನುಮಾನ ಮುಂದೆ ಹೆಕ್ಕಿ ತಿನ್ನಬೇಕಾದ ಕಾಳನ್ನು ಕಳಿಸುವ ದೃಶ್ಯದಲ್ಲೇ ಚೆಲ್ಲಿರಬೇಕು. ಮೂರು ಸಣ್ಣ ಕ್ರಿಯೆ ಸಾಕು, ಅವುಗಳ ಮೇಲೆ ಒಂದು ಮಾತೂ ಬೇಡ. ಜಯರಾಮ ಹೊರಡುವ ಮುಂಚೆ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ. ಚಾವಿಯನ್ನು ಫ್ರಿಜ್ ಮೇಲೆ ಇಟ್ಟ, ಅವಳ ಕೈಗೆ ಕೊಡಲಿಲ್ಲ. ಗ್ಯಾಲರಿಯ ಕೊನೆಯಲ್ಲಿ ಚಪ್ಪಲಿ ಹಾಕಿಕೊಳ್ಳಲು ಒಂದು ಕ್ಷಣ ಬಗ್ಗಿದ. ಐದಾರು ಕ್ರಿಯೆ ತುಂಬಿದರೆ ಓದುಗನಿಗೆ ವಾಸನೆ ಬಡಿಯುತ್ತದೆ, ಇವೆಲ್ಲ ಮುಂದೆ ಬರಲಿವೆ ಎಂದು. ಮೂರರಲ್ಲೂ ಒಂದನ್ನು ಮುಂದೆ ಬಳಸದೆ ಬಿಟ್ಟುಬಿಡಿ.

ಸಂಬೋಧನೆಯನ್ನು ಇಲ್ಲೇ ಗಟ್ಟಿಮಾಡಿಕೊಳ್ಳಬೇಕು. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೆಂಗಸು ಗಂಡಸಿಗೆ 'ನೀವು' ಅನ್ನುವುದೇ ವಾಡಿಕೆ. ಅಂಥವಳ ಬಾಯಲ್ಲಿ ಆ ರಾತ್ರಿ 'ನೀನು' ಬಂದರೆ ಕಪಾಳಕ್ಕೆ ಬಿದ್ದಂತೆ. ಮೊದಲಿಂದಲೂ 'ನೀನು' ಎಂದೇ ಆಡಿಕೊಂಡ ಜೋಡಿಯಾದರೆ 'ನೀವು ಹೊರಡಿ' ಎನ್ನುವಲ್ಲಿ ಬಾಗಿಲು ಮುಚ್ಚುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಂಡ ಮೇಲೆ ಮುಂದಿನ ಅಧ್ಯಾಯದಲ್ಲಿ ಅವಳು ಮನಸ್ಸಿನಲ್ಲೇ ಅವನೊಡನೆ ಆಡುವ ಮಾತಿನಲ್ಲಿ ಹಳೆಯ ಸಂಬೋಧನೆ ಯಾವ ಸಾಲಿಗೆ ಮರಳುತ್ತದೆ ಎಂಬುದನ್ನು ನೀವೇ ತೀರ್ಮಾನಿಸಿ. ಆ ಸಾಲಿನಲ್ಲಿ ಬೇರೆ ಯಾವ ಅಲಂಕಾರವೂ ಬೇಡ. ಮುಂಬಯಿಯಲ್ಲಿ ಬೆಳೆದವರಾದರೆ ಇನ್ನೊಂದು ತೊಡಕು: ಜಗಳ ಕನ್ನಡದಲ್ಲೇ ನಡೆಯುತ್ತದೆಯೇ? ಸಿಟ್ಟು ನೆತ್ತಿಗೇರಿದಾಗ ಇಲ್ಲಿನ ಹುಡುಗಿಯರಿಗೆ ಹಿಂದಿ ಬರುತ್ತದೆ, ಅಳು ಬಂದಾಗ ಮನೆಮಾತು. ಕಳಿಸಿದ್ದು ಹಿಂದಿಯಲ್ಲಿ, ಅನುಮಾನಿಸಿದ್ದು ಕನ್ನಡದಲ್ಲಿ ಎಂದು ಹಂಚಿದರೆ ಅರ್ಧ ಕೆಲಸ ಭಾಷೆಯೇ ಮಾಡಿಕೊಡುತ್ತದೆ.

ಪಕ್ಕದ ಮಾತು. ಇಲ್ಲಿನ ಬೀದಿಯಲ್ಲಿ ಗಡೀಪಾರಿಗೆ 'ತಡೀಪಾರ್' ಅನ್ನುತ್ತಾರೆ. ಮಹಾರಾಷ್ಟ್ರದ 1951ರ ಪೊಲೀಸ್ ಕಾಯ್ದೆಯಲ್ಲಿ ತಡೀಪಾರಿಗೂ ಅವಧಿಯಿದೆ, ಎರಡು ವರ್ಷ ಮೀರುವಂತಿಲ್ಲ. ಸುನಂದಾ ಅವಧಿ ಹೇಳಿರಲಿಲ್ಲ. 'ಇನ್ನು ಬರಬೇಡ' ಅಂದಳೋ, 'ಈಗ ಹೋಗು' ಅಂದಳೋ? ನಿಮ್ಮ ದೃಶ್ಯದಲ್ಲಿ ಅವಳು ಆಡಿದ ಮಾತು ಎರಡಕ್ಕೂ ಒಗ್ಗುವಂತಿರಲಿ. ಇದೊಂದೇ ಒಂದು ಪುಟದ ವಿತರ್ಕ ಕೊಡುತ್ತದೆ.

ದಿನಗಳ ಲೆಕ್ಕ

ಮೂರು ಸಾವಿರ ಪದ, ಮೂರು ವಾರದ ಕತೆ ಎಂದಿಟ್ಟುಕೊಳ್ಳಿ. ಮೊದಲ 500 ಪದಗಳಲ್ಲಿ ಅನುಮಾನದ ಸುಳಿವೂ ಬೇಡ. ಮೊದಲ ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಲಿ. ಸಿಟ್ಟು ಇಳಿದ ದೇಹ ದಣಿದಿರುತ್ತದೆ, ನಿದ್ದೆ ಬರುತ್ತದೆ. ಅದೇ ರಾತ್ರಿ ದಿಂಬು ಒದ್ದೆಯಾದರೆ ಮುಂದೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ.

ನಂತರದ 1,200 ಪದ ಅಭ್ಯಾಸದ್ದು. ಮೊದಲು ಅನುಮಾನಿಸುವುದು ಕೈ, ತಲೆ ಆಮೇಲೆ. ಇಬ್ಬರಿಗೆ ಒಂದೂವರೆ ಪಾವು ಅಕ್ಕಿ ಹಾಕುತ್ತಿದ್ದ ಕೈ ಮೂರನೆಯ ದಿನವೂ ಒಂದೂವರೆಯನ್ನೇ ಅಳೆಯುತ್ತದೆ. ಅರ್ಧ ಲೀಟರಿನ ಎರಡು ಹಾಲಿನ ಪ್ಯಾಕೆಟ್ಟಿನಲ್ಲಿ ಒಂದನ್ನು ನಿಲ್ಲಿಸಲು ಹಾಲಿನವನಿಗೆ ಹೇಳಬೇಕು. ಹೇಳಿದರೆ ಅದು ಸಾರಿದಂತೆ, ಹಾಗಾಗಿ ಅವಳು ಹೇಳುವುದಿಲ್ಲ, ಹಾಲು ಹೆಪ್ಪಾಗುತ್ತ ಹೋಗುತ್ತದೆ, ಮೊಸರು ಹೆಚ್ಚಾಗುತ್ತದೆ, ಪಕ್ಕದ ಖೋಲಿಗೆ ಕೊಡುತ್ತಾಳೆ. ಆ ಮೊಸರು ಅವಳ ಪರವಾಗಿ ಸಾರಿಬಿಡುತ್ತದೆ. ಇಂಥ ಒಂದು ಸರಪಳಿ ಸಿಕ್ಕರೆ ಅದನ್ನೇ ಹಿಡಿದು ಸಾಗಿ; ಅಕ್ಕಿ, ಹಾಲು, ಸೋಪು, ಹಾಸಿಗೆ ಎಂದು ಎಲ್ಲ ವಸ್ತುವಿಗೂ ಒಂದೊಂದು ವಾಕ್ಯ ಹಂಚಬೇಡಿ.

ಉಳಿದ 900 ಪದ ಮಾತಿಗೆ ಮತ್ತು ರೈಲಿಗೆ, ಕೊನೆಯ 400 ಮುಕ್ತಾಯಕ್ಕೆ.

ರೈಲಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಮುಂಬಯಿ ಕತೆಗಳಲ್ಲಿ ಅತಿಯಾಗಿ ಹಾಳಾಗುವ ಜಾಗ ಅದು. ಕಿಟಕಿ ಪಕ್ಕ ಕೂತು ಮಳೆ ನೋಡುತ್ತ ಯೋಚಿಸುವ ನಾಯಕಿ ಬೆಳಿಗ್ಗೆ ಎಂಟೂವರೆಯ ಲೇಡೀಸ್ ಡಬ್ಬಿಯಲ್ಲಿ ಇರಲು ಸಾಧ್ಯವೇ ಇಲ್ಲ. ಅಲ್ಲಿ ಮೊಣಕೈ ಇದೆ, ಪರ್ಸ್ ಇದೆ, ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಕೂರುವ ಜಗಳ ಇದೆ. ಯೋಚನೆ ಎರಡು ಸ್ಟೇಷನ್ ನಡುವೆ ತುಂಡಾಗುತ್ತದೆ, ತುಂಡಾಗಿಯೇ ಬರೆಯಿರಿ. ಇನ್ನೂ ಒಳ್ಳೆಯ ದಾರಿ ಎಂದರೆ ಯೋಚನೆಯನ್ನೇ ಕೈಬಿಟ್ಟು ಅವಳು ಯಾವ ಗಾಡಿ ಹತ್ತಿದಳು ಎಂಬುದನ್ನಷ್ಟೇ ಬರೆಯುವುದು. ಪಶ್ಚಿಮ ರೈಲ್ವೆಯ ಸ್ಲೋ ಗಾಡಿ ಮಾಟುಂಗ ರೋಡಿನಲ್ಲಿ ನಿಲ್ಲುತ್ತದೆ. ಅಂಧೇರಿ, ಬಾಂದ್ರಾ, ದಾದರಿನಲ್ಲಿ ನಿಲ್ಲುವ ಫಾಸ್ಟ್ ಗಾಡಿ ಮಾಟುಂಗ ರೋಡನ್ನು ಹಾರಿಸಿಕೊಂಡು ಹೋಗುತ್ತದೆ. ಮಾಟುಂಗ ರೋಡಿನಲ್ಲಿ ಇಳಿದರೆ ಹಳಿಗಳ ಮೇಲಿನ ಕಾಲುಸೇತುವೆ ಝಡ್ ಬ್ರಿಜ್ ದಾಟಿ ಪೂರ್ವಕ್ಕೆ ನಡೆದೇ ಹೋಗಬಹುದು, ಜಯರಾಮನ ಗಲ್ಲಾ ಇರುವುದು ಆ ಕಡೆಗೇ. ಮೊದಲ ವಾರ ಸುನಂದಾ ಗೋರೆಗಾಂವ್‌ನಿಂದ ಸ್ಲೋ ಹತ್ತಿ ಅಂಧೇರಿಯಲ್ಲಿ ಫಾಸ್ಟಿಗೆ ಬದಲಾಯಿಸುತ್ತಾಳೆ. ಹನ್ನೆರಡನೆಯ ದಿನ ಅಂಧೇರಿಯಲ್ಲಿ ಇಳಿಯುವುದಿಲ್ಲ, ಸೀಟು ಸಿಕ್ಕಿತ್ತು ಎಂಬುದು ನೆವ. ಹದಿನೈದನೆಯ ದಿನ ಸೀಟಿಲ್ಲ, ಆದರೂ ಇಳಿಯುವುದಿಲ್ಲ. ಗಾಡಿ ಮಾಟುಂಗ ರೋಡಿನಲ್ಲಿ ಅರ್ಧ ನಿಮಿಷ ನಿಂತು ಹೊರಡುತ್ತದೆ. ಅವಳು ಬಾಗಿಲ ಕಡೆ ತಿರುಗಿದ್ದಳು ಎಂದು ಬರೆದರೆ ಸಾಕು, 'ಮನಸ್ಸು ತುಡಿಯಿತು' ಎಂದರೆ ಕೆಟ್ಟಿತು. ಒಂದು ಎಚ್ಚರಿಕೆ: ಮಧ್ಯ ರೈಲ್ವೆಯ ಮಾಟುಂಗ ಸ್ಟೇಷನ್ನೇ ಬೇರೆ, 2017ರಿಂದ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಿರುವ ಸ್ಟೇಷನ್ ಅದು. ಎರಡನ್ನೂ ಕಲಸಿದರೆ ಮುಂಬಯಿ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ಕಾಲವನ್ನೂ ಹಿಡಿದುಕೊಳ್ಳಿ. ಅವನು ಊರಿಗೆ ಹೋಗಿರಬಹುದೆಂಬ ಶಂಕೆ ಬರುವುದಾದರೆ, 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆಯುವ ಮುಂಚಿನ ಕತೆಯಲ್ಲಿ ಅವನನ್ನು ಕುರ್ಲಾದಿಂದ ಕುಂದಾಪುರಕ್ಕೆ ನೇರ ರೈಲಿನಲ್ಲಿ ಕೂರಿಸಬೇಡಿ, ಬಸ್ಸು ಹತ್ತಿಸಿ.

ಈಗಿನ ಕತೆಯಾದರೆ ಫೋನು ತಪ್ಪದು. 'ಲಾಸ್ಟ್ ಸೀನ್' ನೋಡುತ್ತ ಕೂರುವುದು ಸವೆದ ನಾಣ್ಯ. ಅದಕ್ಕಿಂತ ಹರಿತವಾದದ್ದು ಬ್ಲಾಕ್. ಆ ರಾತ್ರಿ ಅವಳು ಅವನನ್ನು ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದಳು. ಹತ್ತನೆಯ ದಿನ ತೆಗೆಯುತ್ತಾಳೆ. ಬ್ಲಾಕ್ ಇದ್ದ ದಿನಗಳಲ್ಲಿ ಅವನು ಕಳಿಸಿದ ಸಂದೇಶ ಯಾವುದಾದರೂ ಇದ್ದರೆ ಅದು ತೆಗೆದ ಮೇಲೂ ಬರುವುದಿಲ್ಲ, ಆ ಆ್ಯಪ್ ಕೆಲಸ ಮಾಡುವುದೇ ಹಾಗೆ. ಪರದೆ ಖಾಲಿ. ಅವನು ಬರೆಯಲೇ ಇಲ್ಲವೋ, ಬರೆದದ್ದು ತಲುಪಲಿಲ್ಲವೋ, ಇನ್ನೆಂದೂ ಗೊತ್ತಾಗುವ ಹಾಗಿಲ್ಲ. ಅವಳ ಹೆಬ್ಬೆರಳೇ ಅದನ್ನು ಅಳಿಸಿದೆ. ಇದನ್ನು ಎರಡು ವಾಕ್ಯದಲ್ಲಿ ಮುಗಿಸಿ ಒಲೆಯ ಕಡೆ ಹೊರಳಿಬಿಡಿ.

ಕ್ರಿಯಾಪದವೇ ಅನುಮಾನಿಸಲಿ

ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ, ಎಷ್ಟೋ ಜನ ಅದನ್ನು ಬಳಸದೆ ಪ್ರಶ್ನಾರ್ಥಕ ಚಿಹ್ನೆಗಳ ಸರಮಾಲೆ ಕಟ್ಟುತ್ತಾರೆ. 'ಕಳಿಸಿದೆ' ಎಂದರೆ ವರದಿ. 'ಕಳಿಸಿಬಿಟ್ಟೆ' ಎಂದಾಗ ದುಡುಕು ಒಳಹೊಕ್ಕಿತು, ಆ 'ಬಿಡು' ಒಂದೇ ಸಾಕು. 'ಕಳಕೊಂಡೆ' ಎಂದರೆ ನಷ್ಟ ತನ್ನದಾಯಿತು. ಕೊನೆಗೆ 'ಹೋದ' ಎಂದಾಗ ಕರ್ತೃವೇ ಬದಲು: ನಾನು ಕಳಿಸಿದ್ದೋ, ಅವನು ಹೋಗಿದ್ದೋ? 'ಹೋಗು ಅಂದದ್ದೇ ತಡ, ಹೋದನಲ್ಲ' ಎಂಬಲ್ಲಿಗೆ ಬಂದರೆ ಅನುಮಾನ ಅವಳಿಂದ ಅವನ ಕಡೆ ತಿರುಗಿತು, ನಲ್ಲಿ ನಿಲ್ಲಿಸಿ ಚಾವಿ ಇಟ್ಟು ಹೋಗುವಷ್ಟು ತಣ್ಣಗೆ ಹೋದನಲ್ಲ ಎಂದು. ಬೀಜ ಮೊಳೆಯುವುದು ಇಲ್ಲಿ. ಅಧ್ಯಾಯದುದ್ದಕ್ಕೂ ಆ ಒಂದೇ ಘಟನೆಗೆ ಈ ನಾಲ್ಕು ಕ್ರಿಯಾಪದ ಇದೇ ಕ್ರಮದಲ್ಲಿ ಬರಲಿ, ಹಿಂದಕ್ಕೂ ಒಮ್ಮೆ ಜಾರಲಿ.

ಪ್ರತ್ಯಯಗಳಿಗೂ ಅಳತೆ ಇದೆ. 'ಹೋದನೇ' ಎಂಬುದು ಪುಸ್ತಕದ ಪ್ರಶ್ನೆ, 'ಹೋದನಾ' ಬಾಯಿಮಾತು, 'ಹೋದನೋ ಏನೋ' ಉತ್ತರ ಬೇಡದ ಶಂಕೆ. ಮೂರನೆಯದನ್ನೇ ಹೆಚ್ಚು ಬಳಸಿ. ಇಡೀ ಅಧ್ಯಾಯಕ್ಕೆ ಪ್ರಶ್ನಾರ್ಥಕ ಚಿಹ್ನೆ ನಾಲ್ಕಕ್ಕಿಂತ ಹೆಚ್ಚಾದರೆ ಎಣಿಸಿ ತೆಗೆಯಿರಿ. 'ಬಾರದಿತ್ತು' ಒಂದೇ ಸಲ, ಅದೂ ಸಣ್ಣ ವಿಷಯಕ್ಕೆ: 'ಅಷ್ಟು ಮೊಸರು ಕೊಡಬಾರದಿತ್ತು.' ಓದುಗ ಅದನ್ನು ಎಲ್ಲಿಗೆ ಒಯ್ಯಬೇಕೋ ಅಲ್ಲಿಗೆ ಒಯ್ಯುತ್ತಾನೆ.

ಸಖಿಗೆ ಉಪದೇಶದ ಕೆಲಸ ಕೊಡಬೇಡಿ

ಗೀತಗೋವಿಂದದ ಎಂಟನೆಯ ಸರ್ಗದಲ್ಲಿ ರಾಧೆ ಕೃಷ್ಣನನ್ನು ಹೋಗೆನ್ನುತ್ತಾಳೆ, ಒಂಬತ್ತನೆಯದರಲ್ಲಿ ಸಖಿ ಬಂದು ಮಾನ, ಅಂದರೆ ಮುನಿಸು, ಬಿಡೆನ್ನುತ್ತಾಳೆ. ಹನ್ನೆರಡನೆಯ ಶತಮಾನದ ಹಾಡಿಗೆ ಅದು ಚೆಂದ. ಗದ್ಯದಲ್ಲಿ ಗೆಳತಿ ಬಂದು 'ಹುಚ್ಚಿ, ಅವನಂಥವನು ಸಿಗುವುದಿಲ್ಲ' ಅಂದರೆ ಅವಳ ಅನುಮಾನವನ್ನು ಬೇರೆಯವಳು ಕದ್ದಂತೆ. ಸಖಿಯರನ್ನು ಕೇಳುವವರನ್ನಾಗಿ ಮಾಡಿ, ಕಾರಣವನ್ನು ಸುನಂದಾ ಮೂರು ಸಲ ಹೇಳಲಿ. ಮೊಸರು ತೆಗೆದುಕೊಂಡ ಪಕ್ಕದ ಖೋಲಿಯ ಮಾವಶಿಗೆ (ಮರಾಠಿಯ ಚಿಕ್ಕಮ್ಮ): 'ಅವನಿಗೆ ಡ್ಯೂಟಿ ಜಾಸ್ತಿ.' ತಂಗಿಗೆ ಫೋನಿನಲ್ಲಿ: 'ದುಡ್ಡಿನ ವಿಷಯ, 60,000.' ತನಗೇ, ಆಫೀಸಿನ ಲೆಡ್ಜರ್ ತಿದ್ದುವಾಗ: 40,000. ತಂಗಿಗೆ ಮೊತ್ತ ಏರಿದ್ದನ್ನು ಕತೆಗಾರ ಬೆರಳಿಟ್ಟು ತೋರಿಸಬಾರದು. ಲೆಕ್ಕದ ಕೆಲಸದವಳು ಲೆಕ್ಕ ತಪ್ಪಿ ಹೇಳಿದಳು ಎಂದು ಓದುಗನಿಗೆ ತಾನಾಗಿ ಹೊಳೆದರೆ, ಅವಳಿಗೆ ತನ್ನ ಕಾರಣ ಸಾಲದು ಅನ್ನಿಸಿದೆ ಎಂಬುದೂ ಹೊಳೆಯುತ್ತದೆ. ತಂಗಿಯ ಕಡೆಯಿಂದ ಒಂದು ಕ್ಷಣ ಮೌನ ಇಡಿ. ನಾಲ್ಕನೆಯ ಕಾರಣ ನೆನಪಿದೆಯಲ್ಲ.

ಒಂದು ರಿಪೇರಿ

ಸಾಮಾನ್ಯವಾಗಿ ಮೊದಲ ಕರಡು ಹೀಗಿರುತ್ತದೆ:

'ಸುನಂದಾಳ ಕಣ್ಣಿಂದ ಧಾರಾಕಾರವಾಗಿ ನೀರು ಹರಿಯಿತು. ಹೊರಗೆ ಮುಂಬಯಿ ಮಳೆ. ನಾನು ತಪ್ಪು ಮಾಡಿದೆನೇ? ಅವನನ್ನು ಕಳಿಸಬಾರದಿತ್ತೇ? ಅವನಿಲ್ಲದೆ ಬದುಕಬಲ್ಲೆನೇ? ಒಂಟಿತನ ಅವಳನ್ನು ಆವರಿಸಿತು.'

ಮೂರು ಪ್ರಶ್ನೆಯೂ ಒಂದೇ ಪ್ರಶ್ನೆ. ಕಾರಣಗಳ ಪಟ್ಟಿಯಿಂದ ಒಂದೂ ಬಂದಿಲ್ಲ. ಮಳೆ ಬಾಡಿಗೆಗೆ ತಂದದ್ದು. ಇದನ್ನೇ ಕಲ್ಲಿನಂಥ ಎರಡನೆಯ ಕಾರಣಕ್ಕೆ ಕಟ್ಟಿ ಬರೆದರೆ:

'ಅಳೆದು ಹಾಕಿದ ಮೇಲೆ ನೋಡಿದಳು, ಒಂದೂವರೆ ಪಾವು. ತೆಗೆಯಲು ಹೋಗಲಿಲ್ಲ. ಉಳಿದರೆ ನಾಳೆ ಚಿತ್ರಾನ್ನವಾಯಿತು. ಸುಳ್ಳು ಹೇಳಿದ್ದಂತೂ ಹೌದು, ಬ್ಯಾಂಕಿಗೆ ಹಾಕಿದ್ದೇನೆ ಅಂತ ಮುಖ ನೋಡಿಯೇ ಹೇಳಿದ. ಮುಖ ನೋಡಿದ್ದನೋ ಏನೋ. ಆಗ ಅವನು ನಲ್ಲಿಯ ಹತ್ತಿರ ಇದ್ದ, ಬೆನ್ನು ಈ ಕಡೆಗಿತ್ತು. ಕುಕ್ಕರ್ ಮೂರು ಸಲ ಕೂಗಿತು. ನಾಲ್ಕನೆಯದಕ್ಕೆ ಎದ್ದಳು.'

ಸುಳ್ಳು ಸುಳ್ಳಾಗಿಯೇ ಉಳಿದಿದೆ, ಅಲುಗಾಡಿದ್ದು ಅವಳ ನೆನಪು ಮಾತ್ರ. ಮುಖ ನೋಡಿ ಸುಳ್ಳು ಹೇಳಲಾರದವನು ಮತ್ತು ಮುಖ ನೋಡಿ ಹೇಳಿದವನು ಬೇರೆ ಬೇರೆ ಗಂಡಸರು, ಇಬ್ಬರಲ್ಲಿ ಯಾರನ್ನು ಕಳಿಸಿದೆ ಎಂಬುದು ಅವಳಿಗೆ ಈಗ ಗೊತ್ತಿಲ್ಲ. ನಲ್ಲಿಯನ್ನು ಹಿಂದಿನ ದೃಶ್ಯದಲ್ಲಿ ಇಟ್ಟಿದ್ದು ಇದಕ್ಕೇ.

ನಿಲ್ಲಿಸುವುದೆಲ್ಲಿ

ಕೊನೆಯ 400 ಪದಗಳಲ್ಲಿ ಅವನು ಬಾಗಿಲಿಗೆ ಬಂದು ನಿಲ್ಲುವುದು ಬೇಡ, ಪತ್ರವೂ ಬೇಡ, ಕನಸಂತೂ ಬೇಡವೇ ಬೇಡ. ಅವಳು ಮಾಟುಂಗ ರೋಡಿನಲ್ಲಿ ಇಳಿಯಬಹುದು, ಸೇತುವೆಯ ಮಧ್ಯದವರೆಗೂ ಹೋಗಬಹುದು. ಇಳಿದಮೇಲೆ ಅವನನ್ನು ಕಂಡಳೇ ಎಂಬುದು ಮುಂದಿನ ಅಧ್ಯಾಯದ ಕೆಲಸ. ಅಥವಾ ಇನ್ನೂ ಸಣ್ಣದು: ಹಾಲಿನವನು 'ಒಂದೇನಾ, ಎರಡಾ?' ಎಂದು ಕೇಳುತ್ತಾನೆ, ಅವಳು ಉತ್ತರಿಸುವ ಮೊದಲು ಅಧ್ಯಾಯ ಮುಗಿಯುತ್ತದೆ. ಎರಡನೆಯದು ನಮಗೆ ಹೆಚ್ಚು ಇಷ್ಟ, ಆದರೆ ಮೊಸರಿನ ಸರಪಳಿಯನ್ನು ಮೊದಲಿಂದ ಹೊಸೆದಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಕರಡು ಮುಗಿದ ಮೇಲೆ ಗಟ್ಟಿಯಾಗಿ ಓದಿಸಿ. ಮಾಟುಂಗದ ಮೈಸೂರು ಅಸೋಸಿಯೇಶನ್ನೋ ಕರ್ನಾಟಕ ಸಂಘವೋ, ನಾಲ್ಕು ಜನ ಕನ್ನಡ ಓದುಗರು ಸಿಗುವ ಯಾವ ಜಾಗವಾದರೂ ಸರಿ. ನೀವೇ ಓದಬೇಡಿ, ನಿಮ್ಮ ದನಿ ಇಲ್ಲದ ಭಾವವನ್ನು ಸೇರಿಸುತ್ತದೆ. 'ಹೇಗಿದೆ' ಎಂದು ಕೇಳಬೇಡಿ. ಒಂದೇ ಪ್ರಶ್ನೆ: ಅವಳು ಅವನನ್ನು ವಾಪಸು ಕರೆಯಬೇಕೇ? ಎಲ್ಲರೂ ಹೌದೆಂದರೆ ನಿಮ್ಮ ಕಲ್ಲು ಕರಗಿದೆ, ಎರಡನೆಯ ಕಾರಣಕ್ಕೆ ಹಿಂದಿರುಗಿ ಸುಳ್ಳಿಗೆ ಇನ್ನೊಂದು ಸಾಲು ಸೇರಿಸಿ. ಎಲ್ಲರೂ ಬೇಡವೆಂದರೆ ಮೆತ್ತಗಿನ ಕಾರಣಗಳು ಸಾಕಷ್ಟು ಮೆತ್ತಗಾಗಿಲ್ಲ, ಭಾನುವಾರದ ಡ್ಯೂಟಿಯನ್ನು ಮತ್ತೆ ಬರೆಯಿರಿ. ಕೇಳಿದವರು ಚಹಾ ಮುಗಿದ ಮೇಲೂ ತಮ್ಮತಮ್ಮಲ್ಲೇ ವಾದಿಸುತ್ತಿದ್ದರೆ ಕಾಗುಣಿತ ತಿದ್ದಿ ಕಳಿಸಿಬಿಡಿ.